ಭೂಮಿ ಅದುರಿದ ಮೇಲೆ ನಿದ್ದೆ ವಾಪಸ್ ಬರುವುದು ಹೇಗೆ?

2021ರ ಡಿಸೆಂಬರ್ 22, ಬುಧವಾರ. ಬೆಳಗ್ಗೆ 7 ಗಂಟೆ 9 ನಿಮಿಷಕ್ಕೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನೆಲ ಅದುರಿತು. ಐದು ನಿಮಿಷ ಬಿಟ್ಟು ಮತ್ತೊಮ್ಮೆ. ಮೊದಲನೆಯದು ರಿಕ್ಟರ್ ಮಾಪಕದಲ್ಲಿ 2.9, ಎರಡನೆಯದು 3.0. ಅಡುಗೆಮನೆಯಲ್ಲಿ ಪಾತ್ರೆಗಳು ಗಲಗಲ ಅಂದವು, ಮನೆ ಮೇಲಿನ ಶೀಟು ಕಟಕಟ ಅಂತು, ಮಂಡಿಕಲ್ಲು ಕಡೆಯ ಹಳ್ಳಿಗಳಲ್ಲಿ ಜನ ಮುಖ ತೊಳೆಯುವುದನ್ನು ಬಿಟ್ಟು ಬೀದಿಗೆ ಬಂದು ನಿಂತರು.

ಅಲ್ಲಿಂದ ಮುಂದೆ ನಮ್ಮ ದೊಡ್ಡಮ್ಮ ಹತ್ತೊಂಬತ್ತು ರಾತ್ರಿ ಮನೆಯೊಳಗೆ ಮಲಗಲಿಲ್ಲ. ಡಿಸೆಂಬರಿನ ನಮ್ಮ ಕಡೆಯ ಚಳಿ ಗೊತ್ತಲ್ಲ, ಬೆಳಗಿನ ಜಾವ ಕಂಬಳಿ ಮೇಲೆ ಮಂಜು ಕೂತು ಒದ್ದೆಯಾಗಿರುತ್ತಿತ್ತು. "ಒಳಗೆ ಬಾ ದೊಡ್ಡಮ್ಮಾ" ಅಂದರೆ, "ಚಪ್ಪಡಿ ಮೇಲೆ ಬಿದ್ರೆ ನೀನ್ ಬಂದು ಎತ್ತುತೀಯೇನಪ್ಪಾ?" ಅನ್ನುತ್ತಿದ್ದಳು. ನಾನು ಧೈರ್ಯ ಹೇಳಿದೆ, ಬೈದೆ, ಕೊನೆಗೆ ಗೇಲಿಯನ್ನೂ ಮಾಡಿದೆ. ಮೂರರಿಂದಲೂ ಏನೂ ಆಗಲಿಲ್ಲ. ಆಮೇಲೆ ಏನೇನು ಮಾಡಿದಾಗ ಅವಳು ಒಂದೊಂದೇ ಹೆಜ್ಜೆ ಒಳಗೆ ಬಂದಳೋ ಅದನ್ನೂ, ವಿಪತ್ತಿನ ನಂತರದ ಆರೈಕೆಯ ಬಗ್ಗೆ ವೈದ್ಯರು ಒಪ್ಪಿರುವ ಮಾತುಗಳನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಸಣ್ಣ ಕಂಪನಕ್ಕೆ ಹೆದರಿದವರಿಗೂ, ಬೇರೆ ಊರಲ್ಲಿ ದೊಡ್ಡ ಭೂಕಂಪ ಕಂಡು ಇಲ್ಲಿಗೆ ದುಡಿಯಲು ಬಂದವರಿಗೂ ಇದು ಅನ್ವಯಿಸುತ್ತದೆ. ಎರಡನೆಯವರ ಕಷ್ಟ ಬೇರೆಯದೇ, ಅದನ್ನು ಕೊನೆಯ ಹತ್ತಿರ ಹೇಳುತ್ತೇನೆ.

ಮೊದಲು: ಧೈರ್ಯ ಹೇಳುವುದನ್ನು ನಿಲ್ಲಿಸಿ

ಹೆದರಿದವರಿಗೆ "ಏನೂ ಆಗಲ್ಲ ಬಿಡು" ಅನ್ನುವುದು ನಮ್ಮ ಬಾಯಿಗೆ ಮೊದಲು ಬರುವ ಮಾತು. ಅವರಿಗೆ ಅದು ಕೇಳಿಸುವುದು "ನಿನ್ನ ಮಾತು ನನಗೆ ಬೇಡ" ಅಂತ. ಏನೂ ಆಗಲ್ಲ ಅಂತ ನಿಮಗೆ ಹೇಗೆ ಗೊತ್ತು? ಮೊನ್ನೆ ಆಯಿತಲ್ಲ! ಜೀವಮಾನವಿಡೀ ಅಲ್ಲಾಡದ್ದು ಅಂತ ನಂಬಿದ್ದ ಒಂದೇ ವಸ್ತು ನೆಲ. ಅದೇ ಅಲ್ಲಾಡಿದ ಮೇಲೆ ಬಾಯಿಮಾತಿಗೆ ಎಷ್ಟು ಬೆಲೆ?

ಮೊದಲ ದಿನ ಮಾಡಬೇಕಾದದ್ದು ಇಷ್ಟೇ. ಪೆಟ್ಟಾಗಿದೆಯಾ ನೋಡಿ. ಬಿಸಿಯಾಗಿ ಏನಾದರೂ ಕುಡಿಯಲು ಕೊಡಿ. ಪಕ್ಕದಲ್ಲಿ ಕೂತುಕೊಳ್ಳಿ. ಬೇರೆ ಊರಲ್ಲಿರುವ ಮಕ್ಕಳಿಗೆ ಫೋನ್ ಹಚ್ಚಿ ಕೊಡಿ. ಅವರಾಗಿ ಮಾತಾಡಿದರೆ ಕೇಳಿ, ಮಾತಾಡದಿದ್ದರೆ ಬಿಡಿ. "ಎಲ್ಲಾ ಹೇಳಿಬಿಡು, ಮನಸ್ಸು ಹಗುರ ಆಗುತ್ತೆ" ಅಂತ ಕೆದಕಿ ಕೆದಕಿ ಕೇಳುವುದು ಒಳ್ಳೆಯದಲ್ಲ. ವಿಪತ್ತಿನಲ್ಲಿ ಬದುಕುಳಿದವರನ್ನು ಕೂಡಿಸಿ ಕಂಡದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿಸುವ ಪದ್ಧತಿ ಹಿಂದೆ ಇತ್ತು. ಅದರಿಂದ ಪ್ರಯೋಜನವಿಲ್ಲ ಅಂತ ಗೊತ್ತಾಗಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಾಡಬೇಡಿ ಅನ್ನುತ್ತದೆ.

ಮೊದಲ ಕೆಲವು ವಾರ ನಿದ್ದೆ ಕೆಡುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಊಟ ಸೇರದಿರುವುದು, ಕಾರಣವಿಲ್ಲದೆ ಸಿಡುಕುವುದು, ಬಚ್ಚಲಿಗೆ ಹೋಗಲೂ ಅಂಜುವುದು, ಇವೆಲ್ಲ ಕಾಯಿಲೆಯಲ್ಲ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಬೆತ್ತಲೆ ಇರುವಾಗ ಅದುರಿದರೆ ಗತಿಯೇನು ಅನ್ನುವ ಯೋಚನೆ ಯಾರಿಗಾದರೂ ಬರುವಂಥದ್ದೇ. ಮೈ ಕಾವಲಿಗೆ ನಿಂತಿದೆ ಅಷ್ಟೇ. ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ಇಳಿಯಲು ನಾವು ದಾರಿ ಮಾಡಿಕೊಡಬೇಕು.

ಒಂದು ಚೊಂಬು ನೀರು

ಭೂಕಂಪವಾದ ಮೇಲೆ ತುಂಬಾ ಜನಕ್ಕೆ ನೆಲ ನಿಂತಿದ್ದರೂ ತೇಲಿದ ಹಾಗೆ, ಅಲ್ಲಾಡಿದ ಹಾಗೆ ಅನ್ನಿಸುತ್ತಿರುತ್ತದೆ. ಜಪಾನಿನವರು ಇದಕ್ಕೆ ಒಂದು ಹೆಸರನ್ನೇ ಇಟ್ಟುಕೊಂಡಿದ್ದಾರೆ, ಭೂಕಂಪದ ಅಮಲು ಅನ್ನಬಹುದಾದಂಥ ಹೆಸರು. ದೂರದ ಬಸ್ಸಿನಲ್ಲಿ ಬಂದು ಇಳಿದ ಮೇಲೂ ಮೈ ತೂಗುತ್ತಲ್ಲ, ಅದೇ ರೀತಿ. ದೊಡ್ಡಮ್ಮ ದಿನಕ್ಕೆ ಹತ್ತು ಸಲ "ನೋಡು ನೋಡು, ಈಗ ಅದುರ್ತು" ಅನ್ನುತ್ತಿದ್ದಳು. ಇಲ್ಲ ಅಂತ ನಾನು, ಹೌದು ಅಂತ ಅವಳು.

ಜಗಳ ಬಗೆಹರಿಸಿದ್ದು ಚೊಂಬು. ಸ್ಟೀಲಿನ ಅಗಲ ಬಾಯಿಯ ಚೊಂಬಿನ ಕಂಠದವರೆಗೆ ನೀರು ತುಂಬಿ ನೆಲದ ಮೇಲೆ, ಮಲಗುವ ಜಾಗದಿಂದ ಕಾಣುವ ಹಾಗೆ ಇಡಿ. ಮಂಚದ ಮೇಲೋ ಮೇಜಿನ ಮೇಲೋ ಬೇಡ, ನಾವು ಹೊರಳಿದರೂ ಅವು ಅಲುಗುತ್ತವೆ. ಹೊತ್ತು ಮುಳುಗಿದ ಮೇಲಾದರೆ ಬೆಳಕಿಗೆ ಪಕ್ಕದಲ್ಲಿ ಒಂದು ಸಣ್ಣ ಬಲ್ಬ್ ಹಾಕಿ. ಅದುರಿದ ಹಾಗೆ ಅನ್ನಿಸಿದ ಕೂಡಲೇ ಎದ್ದು ಓಡುವ ಮೊದಲು ನೀರು ನೋಡಬೇಕು. ನೀರಿನಲ್ಲಿ ಬಲ್ಬಿನ ಬಿಂಬ ನಿಂತಿದ್ದರೆ ನೆಲವೂ ನಿಂತಿದೆ. ಬಿಂಬ ಒಡೆದಿದ್ದರೆ ನಿಜವಾಗಿ ಏನೋ ಆಗಿದೆ. ಮಗನ ಮಾತು ನಂಬದ ದೊಡ್ಡಮ್ಮ ನೀರನ್ನು ನಂಬಿದಳು. ಮೂರನೇ ದಿನಕ್ಕೆ ಅವಳೇ ನೋಡಿ ಅವಳೇ "ಇಲ್ಲ ಬಿಡು" ಅನ್ನತೊಡಗಿದಳು.

ಇದರಲ್ಲಿ ಒಂದು ಎಚ್ಚರ. ತಲೆ ಸುತ್ತು ಬಿಡದೆ ಇದ್ದರೆ ಎಲ್ಲವನ್ನೂ ಹೆದರಿಕೆಯ ಲೆಕ್ಕಕ್ಕೆ ಹಾಕಬೇಡಿ. ಬಿಪಿ, ಶುಗರ್, ಕಿವಿಯ ತೊಂದರೆಗಳಲ್ಲೂ ಹೀಗೇ ಆಗುತ್ತದೆ. ವಯಸ್ಸಾದವರಿಗೆ ಎದೆ ನೋವು, ಎಡಗೈ ಎಳೆತ, ತಣ್ಣಗೆ ಬೆವರು ಬಂದರೆ "ಗಾಬರಿಗೆ" ಅಂತ ಕೂರದೆ 108ಕ್ಕೆ ಫೋನ್ ಮಾಡಿ.

ಗೋಡೆಯ ಬಿರುಕಿಗೆ ಪೆನ್ಸಿಲ್ ಗೆರೆ

ಹೆದರಿಕೆಗೆ ಕಾರಣವಿದ್ದರೆ ಮೊದಲು ಆ ಕಾರಣವನ್ನು ವಿಚಾರಿಸಿಕೊಳ್ಳಬೇಕು. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಬೆಳಗಿನ ಜಾವ 3.56ಕ್ಕೆ ಭೂಕಂಪವಾದಾಗ ಹೆಚ್ಚಿನವರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು. ಹಿಂದಿನ ದಿನ ಗಣೇಶನನ್ನು ಬಿಟ್ಟು ಬಂದು ಸುಸ್ತಾಗಿ ಮಲಗಿದ್ದ ಜನ. ಸುಮಾರು 10 ಸಾವಿರ ಮಂದಿ ಹೋದರು. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಕಲ್ಲುಚಪ್ಪಡಿ ಹೊದಿಸಿದ ಮನೆಗಳಿವೆ. ಅವುಗಳೊಳಗೆ ಮಲಗಿರುವವರು ತಲೆ ಎತ್ತಿ ಚಪ್ಪಡಿ ನೋಡಿದರೆ ಅದನ್ನು ಹುಚ್ಚು ಅನ್ನುವ ಹಾಗಿಲ್ಲ.

ಹಾಗಂತ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮಾಪಕದಲ್ಲಿ ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಕಿಲ್ಲಾರಿಯದು 6.2. ನಮ್ಮ 3.0ಕ್ಕೆ ಹೋಲಿಸಿದರೆ ಸರಿಸುಮಾರು 60 ಸಾವಿರ ಪಟ್ಟು. "3 ಅಂದ್ರೆ 6ರ ಅರ್ಧ" ಅಂತ ಲೆಕ್ಕ ಹಾಕಿ ನಿದ್ದೆಗೆಟ್ಟವರು ನಮ್ಮ ಬೀದಿಯಲ್ಲೇ ಇದ್ದರು, ಈ ಒಂದು ಲೆಕ್ಕ ಹೇಳಿದ ಮೇಲೆ ಅವರ ಮುಖ ಸಡಿಲವಾದದ್ದನ್ನು ನೋಡಿದ್ದೇನೆ.

ಮನೆಯವರನ್ನು ಜೊತೆಗೆ ಕರೆದುಕೊಂಡು ಗೋಡೆ ಸುತ್ತಿ ಬನ್ನಿ. ಬಿರುಕು ಕಂಡಲ್ಲಿ ಅದರ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ವಾರಕ್ಕೊಮ್ಮೆ ನೋಡಿ. ಗೆರೆ ದಾಟಿದ್ದರೆ ಬೆಳೆಯುತ್ತಿದೆ, ದಾಟದಿದ್ದರೆ ನಿಂತಿದೆ. ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕಿಗಿಂತ ಮೂಲೆಯಲ್ಲಿ ಗೋಡೆಗಳು ಬೇರೆಯಾಗಿರುವುದು, ಗೋಡೆ ಹೊಟ್ಟೆ ಬಿಟ್ಟಿರುವುದು, ಚಪ್ಪಡಿ ಜರುಗಿರುವುದು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗಿರುವುದು ಮುಖ್ಯ. ಇಂಥದ್ದು ಕಂಡರೆ ಪಂಚಾಯಿತಿಗೆ ಬರೆದುಕೊಟ್ಟು ಇಂಜಿನಿಯರ್ ಬಂದು ನೋಡುವವರೆಗೆ ಆ ಕೋಣೆಯಲ್ಲಿ ಮಲಗಬೇಡಿ. ಸಜ್ಜಾ ಮೇಲಿನ ತಾಮ್ರದ ಹಂಡೆ, ಕೊಪ್ಪರಿಗೆ, ಅಟ್ಟದಲ್ಲಿ ಪೇರಿಸಿಟ್ಟ ಮೂಟೆಗಳು ಯಾರ ತಲೆಯ ಮೇಲೂ ಇರಬಾರದು, ಇಳಿಸಿ.

ಈ ಕೆಲಸವನ್ನು ಹೆದರಿದವರ ಕೈಯಲ್ಲೇ ಮಾಡಿಸಿ. ಪೆನ್ಸಿಲ್ ಹಿಡಿಯಲಿ, ಹಂಡೆ ಎಲ್ಲಿಡಬೇಕು ಅಂತ ಅವರೇ ಹೇಳಲಿ. ನಾನು ಕಂಡಂತೆ ನೂರು ಸಮಾಧಾನದ ಮಾತಿಗಿಂತ ಕೈಗೆ ಸಿಕ್ಕ ಒಂದು ಕೆಲಸ ದೊಡ್ಡದು.

ವಾಟ್ಸಾಪ್ ಬಾಯಿ ಮುಚ್ಚಿಸುವುದು

ಕಂಪನವಾದ ಸಂಜೆಯಿಂದಲೇ "ಇವತ್ತು ರಾತ್ರಿ 2 ಗಂಟೆಗೆ ದೊಡ್ಡದು ಬರುತ್ತೆ" ಅನ್ನುವ ಸಂದೇಶ ಹರಿದಾಡುತ್ತದೆ. ತಪ್ಪದೆ ಬರುತ್ತದೆ. ಯಾವ ದಿನ, ಯಾವ ಹೊತ್ತು, ಯಾವ ಊರು ಅಂತ ಭೂಕಂಪವನ್ನು ಮುಂಚೆ ಹೇಳುವ ವಿದ್ಯೆ ಪ್ರಪಂಚದಲ್ಲಿ ಯಾರ ಹತ್ತಿರವೂ ಇಲ್ಲ. ಗಂಟೆ ಹಾಕಿ ಬಂದ ಸಂದೇಶ ಅಂದರೆ ಸುಳ್ಳು, ಅಷ್ಟೇ. ಆಗಿದ್ದು ನಿಜವಾ ಅಂತ ನೋಡಬೇಕಾದರೆ ರಾಷ್ಟ್ರೀಯ ಭೂಕಂಪ ಮಾಪನ ಕೇಂದ್ರದ ಭೂಕಂಪ್ ಆ್ಯಪ್ ಇದೆ. ಮನೆಯಲ್ಲಿ ಒಬ್ಬರು ಮಾತ್ರ, ದಿನಕ್ಕೆ ಎರಡು ಸಲ ನೋಡಿದರೆ ಸಾಕು. ಟಿವಿಯಲ್ಲಿ ಅದೇ ಸಿಸಿಟಿವಿ ತುಣುಕನ್ನು ತಿರುಗಿಸಿ ಮುರುಗಿಸಿ ತೋರಿಸುತ್ತಾರೆ. ಸಣ್ಣ ಮಕ್ಕಳು ಪ್ರತಿಸಲವೂ ಹೊಸದಾಗಿ ಆಯಿತು ಅಂದುಕೊಳ್ಳುತ್ತವೆ. ಆಫ್ ಮಾಡಿ.

ಕಾರಣ ತಿಳಿದರೂ ಭಯ ಇಳಿಯುತ್ತದೆ. ಆ ವರ್ಷ ಮಳೆ ನಿಮಗೆ ನೆನಪಿರಬಹುದು, ವರ್ಷಗಟ್ಟಲೆ ಒಣಗಿದ್ದ ಕೆರೆಗಳೆಲ್ಲ ಕೋಡಿ ಬಿದ್ದವು. ಆ ನೀರು ಬಂಡೆಯ ಸಂದುಗಳಿಗೆ ಇಳಿದು ಒತ್ತಡ ಏರುಪೇರಾಗಿ ಇಂಥ ಸಣ್ಣ ಕಂಪನ, ಗುಡುಗುಡು ಸದ್ದು ಬರುತ್ತದೆ ಅಂತ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ತಜ್ಞರು ಆಗ ವಿವರಿಸಿದ್ದರು. ದೊಡ್ಡಮ್ಮನಿಗೆ ಹೇಳಿದಾಗ, "ಅಂದ್ರೆ ಭೂತಾಯಿ ನೀರು ಕುಡಿದು ತೇಗಿದಳು ಅನ್ನು" ಅಂದಳು. ನಾನು ತಿದ್ದಲು ಹೋಗಲಿಲ್ಲ.

ದೊಡ್ಡ ಭೂಕಂಪವಾದರೆ ಮರುಕಂಪನಗಳು ನಿಜಕ್ಕೂ ಬರುತ್ತವೆ, ಅದನ್ನು ಮುಚ್ಚಿಡಬಾರದು. ಆದರೆ ಅವು ದಿನ ಕಳೆದಂತೆ ವಿರಳವಾಗುತ್ತವೆ. ಇದನ್ನು ಜಪಾನಿನ ಒಮೊರಿ ಎಂಬ ವಿಜ್ಞಾನಿ 1894ರಲ್ಲೇ ತೋರಿಸಿದ್ದ. ಮೋಟಾಗಿ ಹೇಳುವುದಾದರೆ ಎರಡನೇ ದಿನಕ್ಕೆ ಅರ್ಧ, ಹತ್ತನೇ ದಿನಕ್ಕೆ ಹತ್ತರಲ್ಲಿ ಒಂದು ಪಾಲು. "ಬರಬಹುದು, ಕಡಿಮೆಯಾಗುತ್ತಾ ಹೋಗುತ್ತೆ, ಬಂದರೆ ಹೀಗೆ ಮಾಡೋಣ" ಅನ್ನುವುದು ಸರಿಯಾದ ಮಾತು.

ಇನ್ನೊಂದು ನಮ್ಮ ಜಿಲ್ಲೆಯದೇ ಕಷ್ಟ: ಕ್ವಾರಿ. ಮಧ್ಯಾಹ್ನ ಬಂಡೆ ಸಿಡಿಸಿದರೆ ಕಿಟಕಿ ಗಾಜು ಅದುರುತ್ತದೆ, ರಾತ್ರಿ ಬೋರ್‌ವೆಲ್ ಲಾರಿ ಕೊರೆಯುತ್ತಿದ್ದರೆ ನೆಲ ಗುಂಯ್‌ಗುಡುತ್ತದೆ. ಮೊದಲೇ ಹೆದರಿದ ಜೀವಕ್ಕೆ ಎರಡೂ ಒಂದೇ. ಬ್ಲಾಸ್ಟಿಂಗ್ ಯಾವ ಹೊತ್ತಿಗೆ ಅಂತ ಕ್ವಾರಿಯವರನ್ನು ಕೇಳಿ ತಿಳಿದು ಮನೆಯಲ್ಲಿ ಮೊದಲೇ ಹೇಳಿ. ಪಕ್ಕದ ತೋಟದಲ್ಲಿ ಬೋರ್ ಹಾಕಿಸುವವರಿಗೂ "ಹಿಂದಿನ ದಿನ ಒಂದು ಮಾತು ಹೇಳಣ್ಣಾ" ಅನ್ನಿ. ಹೇಳಿ ಬಂದ ಸದ್ದು ಅಷ್ಟು ಕಾಡುವುದಿಲ್ಲ. ಕೆಜಿಎಫ್‌ನ ಹಳಬರು ಇದನ್ನು ಬಲ್ಲರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿಗಳಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳು ನಡುಗುತ್ತಿದ್ದವು. ಗಂಡನೋ ಮಗನೋ ಆ ಪಾಳಿಯಲ್ಲಿ ಕೆಳಗಿದ್ದ ಮನೆಗೆ ಆ ನಡುಕದ ಅರ್ಥವೇ ಬೇರೆ. 2001ರಲ್ಲಿ ಗಣಿ ಮುಚ್ಚಿದರೂ ಆ ಕಾಲದವರು ಲಾರಿ ಸದ್ದಿಗೆ ತಟ್ಟನೆ ತಲೆ ಎತ್ತಿದರೆ ಆಶ್ಚರ್ಯಪಡಬೇಡಿ.

ಅಂಗಳದಿಂದ ಒಳಕೋಣೆಗೆ

ಒಂದೇ ಏಟಿಗೆ ಒಳಗೆ ಮಲಗಿಸಲು ಹೋಗಬೇಡಿ. ಪೂರ್ತಿ ಹೊರಗೇ ಬಿಟ್ಟುಬಿಡುವುದೂ ತಪ್ಪು, ಯಾಕೆಂದರೆ ತಪ್ಪಿಸಿಕೊಂಡಷ್ಟೂ ಹೆದರಿಕೆ ಬೇರು ಬಿಡುತ್ತದೆ. ನಮ್ಮಲ್ಲಿ ಹೀಗೆ ಮಾಡಿದೆವು. ಹಗಲಲ್ಲಿ ಅವರೆಕಾಯಿ ಸುಲಿಯುವುದನ್ನು ಒಳಗೆ ಕೂತು ಸುಲಿಯುವುದು. ಒಂದು ವಾರ ಅಂಗಳ. ಆಮೇಲೆ ಜಗಲಿ. ಅಲ್ಲಿ ನಿದ್ದೆ ಬಂದ ಮೇಲೆ ನಡುಮನೆ, ಬಾಗಿಲು ತೆರೆದು, ಹೊಸಲಿನ ಪಕ್ಕ. ಕೊನೆಗೆ ಒಳಗೆ. ಪ್ರತಿ ಮೆಟ್ಟಿಲಲ್ಲೂ ಎರಡು ಮೂರು ರಾತ್ರಿ ಸರಿಯಾಗಿ ಮಲಗಿದ ಮೇಲೇ ಮುಂದಕ್ಕೆ. ಒಂದು ರಾತ್ರಿ ಗಾಬರಿಯಾದರೆ ಅದೇ ಮೆಟ್ಟಿಲಲ್ಲಿ ನಿಲ್ಲಿ, ಅಂಗಳಕ್ಕೆ ವಾಪಸ್ ಹೋಗಬೇಡಿ.

ತಲೆದೆಸೆಯಲ್ಲಿ ಚಪ್ಪಲಿ, ಟಾರ್ಚ್, ಮಾತ್ರೆ ಡಬ್ಬಿ, ಕನ್ನಡಕ ಒಂದು ಚೀಲದಲ್ಲಿರಲಿ. ಅದುರಿದರೆ ಯಾರು ಮಗುವನ್ನು ಎತ್ತಿಕೊಳ್ಳುವುದು, ಯಾರು ಅಜ್ಜಿಯ ಕೈ ಹಿಡಿಯುವುದು, ಹೊರಗೆ ಯಾವ ಜಾಗದಲ್ಲಿ ಸೇರುವುದು ಅಂತ ಮಾತಾಡಿಕೊಳ್ಳಿ. ಕರೆಂಟ್ ಕಂಬದ ಕೆಳಗೆ, ಕಾಂಪೌಂಡ್ ಗೋಡೆ ಪಕ್ಕ ನಿಲ್ಲಬಾರದು. ಗಟ್ಟಿಯಾದ ಆರ್‌ಸಿಸಿ ಮನೆಯಲ್ಲಿದ್ದರೆ ಓಡದೆ ಮೇಜಿನ ಕೆಳಗೆ ಕೂತು ತಲೆ ಮುಚ್ಚಿಕೊಳ್ಳುವುದು ಮೇಲು.

ಎದೆ ಹೊಡೆದುಕೊಳ್ಳುತ್ತಿರುವಾಗ ಉಸಿರನ್ನು ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ ಬಿಡಿಸಿ. ಹೊರಗೆ ಬಿಡುವುದು ಉದ್ದವಿರಬೇಕು, ಗುಟ್ಟು ಅಲ್ಲಿದೆ. ಎಣಿಕೆ ಬೇಡ ಅನ್ನುವವರು ಭಜನೆಮನೆಗೆ ಹೋಗಲಿ. ರಾಗ ಎಳೆದು ಹಾಡುವವರ ಉಸಿರು ತಾನೇ ಉದ್ದವಾಗುತ್ತದೆ. ಗಂಡಸರು "ನಿದ್ದೆಗೆ ಒಂದು ಕ್ವಾರ್ಟರ್" ಅಂತ ಶುರು ಮಾಡುವುದನ್ನು ಮೊದಲ ವಾರದಲ್ಲೇ ಹಿಡಿಯಿರಿ, ಕುಡಿದು ಬಂದ ನಿದ್ದೆ ಮೂರು ಗಂಟೆಗೆ ಒಡೆಯುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ನಿದ್ದೆ ಮಾತ್ರೆ ತರುವುದೂ ಬೇಡ. ಇಂಥ ಆಘಾತದ ಮೊದಲ ತಿಂಗಳಲ್ಲಿ ಆ ಜಾತಿಯ ಮಾತ್ರೆಗಳನ್ನು ಕೊಡಬಾರದು ಅಂತಲೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿದೆ.

ಅಂತ್ರ ಕಟ್ಟಿಸುತ್ತೇವೆ ಅಂದರೆ? ಕಟ್ಟಿಸಲಿ. ದೃಷ್ಟಿ ತೆಗೆಯಲಿ, ಊರಮ್ಮನಿಗೆ ತಂಬಿಟ್ಟಿನ ದೀಪ ಎತ್ತಲಿ. ಅದರ ಮೇಲೆ ಜಗಳ ಆಡಿದರೆ ಡಾಕ್ಟರ ಹತ್ತಿರ ಬಾ ಅನ್ನುವ ನಿಮ್ಮ ಮಾತಿಗೂ ಬೆಲೆ ಹೋಗುತ್ತದೆ. "ಗಾಳಿ ಸೋಕಿದೆ" ಅಂತ ಹೊಡೆಯುವುದು, ಉಪವಾಸ ಕೆಡವುವುದು, ಬಿಪಿ ಮಾತ್ರೆ ಬಿಡಿಸುವುದು ಶುರುವಾದರೆ ಮಾತ್ರ ಅಡ್ಡ ನಿಲ್ಲಿ.

ಮಕ್ಕಳು

ಐದಾರು ವರ್ಷದವು ಮತ್ತೆ ಹಾಸಿಗೆ ಒದ್ದೆ ಮಾಡಬಹುದು, ಬೆರಳು ಚೀಪಬಹುದು, ಸೆರಗು ಬಿಡದಿರಬಹುದು. ಬೈಯಬೇಡಿ, ಬಟ್ಟೆ ಬದಲಿಸಿ ಮಲಗಿಸಿ. ಇಟ್ಟಿಗೆಯಲ್ಲಿ ಮನೆ ಕಟ್ಟಿ ಅಲ್ಲಾಡಿಸಿ ಬೀಳಿಸುವ ಆಟ ಆಡುತ್ತಿದ್ದರೆ ಅಪಶಕುನ ಅಂತ ತಡೆಯಬೇಡಿ, ಅವುಗಳ ಮಾತಾಡುವ ರೀತಿ ಅದು. ಆಟ ಪ್ರತಿಸಲವೂ ಎಲ್ಲರೂ ಸತ್ತು ಮುಗಿಯುತ್ತಿದ್ದರೆ ಪಕ್ಕದಲ್ಲಿ ಕೂತು "ಆಂಬುಲೆನ್ಸ್ ಬಂತು" ಅಂತ ಒಂದು ಕಾರು ತಳ್ಳಿ. ಶಾಲೆಗೆ ಬೇಗ ಕಳಿಸಿ. ದೊಡ್ಡ ಹುಡುಗರು ನಗುತ್ತಾ "ನಂಗೇನಿಲ್ಲ" ಅನ್ನುತ್ತಾರೆ, ಅವರ ಮಾರ್ಕ್ಸ್ ಕಾರ್ಡು, ರಾತ್ರಿ ಮೊಬೈಲ್ ನೋಡುವ ಹೊತ್ತು ಬೇರೆ ಹೇಳುತ್ತದೆ.

ದೊಡ್ಡ ಭೂಕಂಪ ಕಂಡು ಬಂದವರು

ಹೋಟೆಲಿನಲ್ಲಿ ತಟ್ಟೆ ಇಡುವ, ಅಪಾರ್ಟ್‌ಮೆಂಟ್ ಕಾಯುವ ನೇಪಾಳದ ಹುಡುಗರು ನಮ್ಮ ಊರುಗಳಲ್ಲೂ ಇದ್ದಾರೆ. 2015ರ ಏಪ್ರಿಲ್ 25ರಂದು ಅಲ್ಲಿ 7.8ರ ಭೂಕಂಪವಾಗಿ 9 ಸಾವಿರದ ಹತ್ತಿರ ಜನ ಸತ್ತರು. ಅಂದು ಶನಿವಾರ, ಅಲ್ಲಿ ಶಾಲೆಗೆ ರಜೆ, ಹಾಗಾಗಿ ಕುಸಿದ ಶಾಲೆಗಳಲ್ಲಿ ಮಕ್ಕಳಿರಲಿಲ್ಲ. ಇಂಥವರಲ್ಲಿ ಹೆದರಿಕೆಗಿಂತ ಆಳದಲ್ಲಿ ಇನ್ನೊಂದಿರುತ್ತದೆ: ನಾನು ಬದುಕಿದೆ, ಅವರು ಹೋದರು. ಆ ದಿನ ದುಡಿಯಲು ಹೊರಗಿದ್ದವನಿಗೆ "ನಾನಲ್ಲಿದ್ದಿದ್ದರೆ" ಅನ್ನುವ ಕೊರಗು.

"ನಿಮ್ಮನೇಲಿ ಎಷ್ಟು ಜನ ಹೋದ್ರು?" ಅಂತ ಕೇಳಬೇಡಿ. "ದೇವರು ನಿನ್ನ ಉಳಿಸಿದ" ಅನ್ನುವುದೂ ಬೇಡ, ಸತ್ತ ತಂಗಿಯನ್ನು ಅದೇ ದೇವರು ಯಾಕೆ ಬಿಟ್ಟ ಅನ್ನುವ ಪ್ರಶ್ನೆ ಅವನೊಳಗೆ ಆಗಲೇ ಇದೆ. ಇಲ್ಲಿ ಸ್ವಲ್ಪ ಅದುರಿದ ದಿನ ಕೆಲಸದಲ್ಲಿ ಕೈ ನಡುಗಿದರೆ ಹೊರಗೆ ಕೂರಿಸಿ ಟೀ ಕೊಡಿ, ಊರಿಗೆ ಫೋನ್ ಮಾಡಲು ಅರ್ಧ ಗಂಟೆ ಬಿಡಿ. ಆ ತಾರೀಕು ಹತ್ತಿರ ಬಂದಾಗ ಪ್ರತಿ ವರ್ಷವೂ ಕುಗ್ಗುವುದುಂಟು. ಮಾಲೀಕರು ಅದನ್ನು ಸೋಮಾರಿತನ ಅಂತ ಸಂಬಳ ಹಿಡಿಯದಿದ್ದರೆ ಅರ್ಧ ಚಿಕಿತ್ಸೆ ಆದ ಹಾಗೆ.

ಡಾಕ್ಟರ ಹತ್ತಿರ ಯಾವಾಗ, ಎಲ್ಲಿಗೆ

ಒಂದು ತಿಂಗಳು ದಾಟಿದರೂ ಕಂಪನದ ಕ್ಷಣ ಕಣ್ಣಿಗೆ ಕಟ್ಟಿದಂತೆ ಮತ್ತೆ ಮತ್ತೆ ಬರುತ್ತಿದ್ದರೆ, ಕೆಟ್ಟ ಕನಸು ನಿಲ್ಲದಿದ್ದರೆ, ಮನೆಯೊಳಗೆ ಕಾಲಿಡಲು ಆಗದಿದ್ದರೆ, ಮನೆ ಹೊಲ ಎರಡರ ಕೆಲಸವೂ ನಿಂತಿದ್ದರೆ, ಯಾರ ಮೇಲೂ ಅಕ್ಕರೆಯೇ ಹುಟ್ಟದೆ ಮರಗಟ್ಟಿದ್ದರೆ ಡಾಕ್ಟರಿಗೆ ತೋರಿಸಬೇಕು. "ಬದುಕಿ ಏನು ಪ್ರಯೋಜನ" ಅನ್ನುವ ಮಾತು ಬಂದರೆ ತಿಂಗಳು ಕಾಯುವ ಪ್ರಶ್ನೆಯಿಲ್ಲ, ಅವತ್ತೇ. ಒಬ್ಬರನ್ನೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಔಷಧಿ ಡಬ್ಬಗಳನ್ನು ಮನೆಯಿಂದ ಆಚೆ ಸಾಗಿಸಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಅದರ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಹಿಂದಿಯಲ್ಲಿ, ತೆಲುಗಿನಲ್ಲಿಯೂ ಇದೆ. ಏನು ಹೇಳಬೇಕು ಅಂತ ತೋಚದಿದ್ದರೆ ಇಷ್ಟು ಸಾಕು: "ನಮ್ಮ ಕಡೆ ಭೂಮಿ ಅದುರಿ ಇಷ್ಟು ದಿನ ಆಯಿತು. ನಮ್ಮ ತಾಯಿ ಇನ್ನೂ ನಿದ್ದೆ ಮಾಡ್ತಿಲ್ಲ. ಏನು ಮಾಡಲಿ?" ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಅವರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೂ ಬರುವ ವ್ಯವಸ್ಥೆಯಿದೆ, ಹೊರಡುವ ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿ ದಿನ ಖಾತ್ರಿ ಮಾಡಿಕೊಳ್ಳಿ. ಅಲ್ಲಿ ಆಗದ್ದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 2001ರ ಗುಜರಾತ್ ಭೂಕಂಪದಲ್ಲಿ ಬದುಕುಳಿದವರ ನಡುವೆ ನಿಮ್ಹಾನ್ಸ್‌ನವರು ಕೆಲಸ ಮಾಡಿದ್ದಾರೆ. ಹುಚ್ಚಾಸ್ಪತ್ರೆ ಅಂತ ಹೆಸರಿಟ್ಟು ಹೆದರಿಸುವ ನೆಂಟರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ.

ಹೋಗುವಾಗ ಒಂದು ಹಾಳೆಯಲ್ಲಿ ಹಿಂದಿನ ಹತ್ತು ದಿನ ಎಷ್ಟು ಗಂಟೆಗೆ ಮಲಗಿದ್ದು, ಎಷ್ಟು ಸಲ ಎದ್ದದ್ದು, ಏನು ತಿಂದದ್ದು, ಯಾವ ಯಾವ ಮಾತ್ರೆ ಅಂತ ಬರೆದುಕೊಳ್ಳಿ. ದೊಡ್ಡಮ್ಮನದನ್ನು ನಾನೇ ಬರೆದಿದ್ದೆ. ಡಾಕ್ಟರು ಅದನ್ನು ಮೇಲಿಂದ ಕೆಳಗೆ ಓದಿ ಮೊದಲು ಕೇಳಿದ್ದು ಭೂಕಂಪದ ಬಗ್ಗೆ ಅಲ್ಲ. "ಬಿಪಿ ಮಾತ್ರೆ ಇದರಲ್ಲಿ ಇಲ್ಲವಲ್ಲ ಅಮ್ಮಾ?" ದೊಡ್ಡಮ್ಮ ನನ್ನ ಕಡೆ ನೋಡಿದಳು. ಮಾತ್ರೆ ಒಳಕೋಣೆಯ ಅಲಮಾರದಲ್ಲಿತ್ತು, ಒಳಗೆ ಹೋಗಲು ಹೆದರಿ ಅವಳು ಅದನ್ನು ಮುಟ್ಟಿಯೇ ಇರಲಿಲ್ಲ, ಕೇಳಿದರೆ ಬೈಯುತ್ತೇನೆ ಅಂತ ನನಗೂ ಹೇಳಿರಲಿಲ್ಲ. ತಲೆ ಸುತ್ತಿಗೆ ಅದೂ ಒಂದು ಕಾರಣ ಇರಬಹುದು ಅಂದರು ಡಾಕ್ಟರು, ಬಿಪಿ ಪಟ್ಟಿ ಕಟ್ಟುತ್ತಾ.